ಗೋಂದಕ್ಕನ ಹನ್ನೊಂದು ಕೊಲೆಗಾರರು

ಗೋಂದಕ್ಕನಿಗೆ ಅವಳ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಅದು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಸಾರ್ವಜನಿಕ ಗ್ರಂಥಾಲಯದ ಹಿಂಭಾಗದಲ್ಲಿ, ಸೈಕಲ್ ಸ್ಟ್ಯಾಂಡಿಗೂ ನೀರಿನ ಟ್ಯಾಂಕಿಗೂ ನಡುವೆ ಸಿಕ್ಕಿಕೊಂಡ ಒಂದು ಕೋಣೆಯಲ್ಲಿ ಕೂತು, ಹರಿದ ಪುಸ್ತಕಗಳನ್ನು ಹೊಲಿದು, ಅಂಟಿಸಿ, ರಟ್ಟು ಕಟ್ಟಿ ಮತ್ತೆ ಮಹಡಿಗೆ ಕಳಿಸುವುದು ಅವಳ ಕೆಲಸ. ಇಪ್ಪತ್ತೆಂಟು ವರ್ಷದಿಂದ ಮಾಡಿದ್ದು ಅದೊಂದೇ. ಮೈದಾ ಹಿಟ್ಟು ಕುದಿಸಿ, ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ, ಅಂಟು ಮಾಡುತ್ತಿದ್ದಳು. ಅದರ ವಾಸನೆ ಅವಳಿಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತಿತ್ತು. ಹಾಗಾಗಿ ಅವಳಿಗೆ ಗೋಂದಕ್ಕ ಎಂದು ಹೆಸರಿಟ್ಟವರನ್ನು ದೂರುವಂತಿಲ್ಲ.

ಮೊದಲು ಆ ಕೋಣೆಯಲ್ಲಿ ಕೂತಿದ್ದವನು ಅವಳ ಗಂಡ. ಅವನು ತೀರಿಕೊಂಡಾಗ ಅನುಕಂಪದ ಮೇಲೆ ಕೆಲಸ ಇವಳಿಗೆ ಬಂತು. ಆಗ ಅವಳಿಗೆ ಅಂಗಿಯ ಗುಂಡಿ ಹೊಲಿಯುವುದೂ ಅಷ್ಟಕ್ಕಷ್ಟೆ. ಮೊದಲ ದಿನವೇ ಧೈರ್ಯವಾಗಿ ಒಂದು ದಪ್ಪ ನಿಘಂಟನ್ನು ಬಿಚ್ಚಿ ಹೊಲಿದಳು. ಮುಗಿದ ಮೇಲೆ ನೋಡಿದರೆ ಮಕಾರ ಮೊದಲು ಬಂದು ಅಕಾರ ಕೊನೆಗೆ ಹೋಗಿತ್ತು. ಬಿಚ್ಚಿದಳು, ಹೊಲಿದಳು, ಅತ್ತಳು, ಮತ್ತೆ ಬಿಚ್ಚಿದಳು. ಹಾಡ್ತಾ ಹಾಡ್ತಾ ರಾಗ ಅನ್ನುತ್ತಾರಲ್ಲ, ಏಳನೇ ಸಲಕ್ಕೆ ಆ ನಿಘಂಟು ಎಷ್ಟು ಗಟ್ಟಿಯಾಯಿತೆಂದರೆ ಇವತ್ತಿಗೂ ಅದನ್ನು ತೆರೆಯಲು ಇಬ್ಬರು ಬೇಕು.

ಕೆಲಸ ಕೈಹತ್ತಿದ ಮೇಲೆ ಅವಳಿಗೆ ಒಂದು ಸತ್ಯ ಗೊತ್ತಾಯಿತು. ಪುಸ್ತಕ ಸಾಯುವುದು ಬಾಲದಿಂದ. ಮೊದಲ ಹಾಳೆಗಳನ್ನು ಜನ ಸ್ವಲ್ಪ ಮರ್ಯಾದೆಯಿಂದ ತಿರುವುತ್ತಾರೆ. ಕೊನೆಗೆ ಬರುವ ಹೊತ್ತಿಗೆ ಆತುರ, ಎಂಜಲು ಬೆರಳು, ಎಳೆದಾಟ. ಅದರಲ್ಲೂ ಪತ್ತೇದಾರಿ ಕಾದಂಬರಿಗಳ ಪಾಡು ನಾಯಿಪಾಡು. ಕೊಲೆಗಾರ ಸಿಕ್ಕಿಬೀಳುವ ಹಾಳೆಗಳು ಓದುಗರ ಕೈಯಲ್ಲೇ ಕಳಚಿ, ಯಾವುದೋ ಬಸ್ಸಿನ ಸೀಟಿನ ಕೆಳಗೆ ಸೇರಿಬಿಡುತ್ತವೆ.

ಇಂಥ ಒಂದು ಪುಸ್ತಕದ ಹೆಸರು ‘ನಿಂತ ಲಿಫ್ಟು’. ಗೋಂದಕ್ಕ ಅದನ್ನು ತನ್ನ ಕಾರ್ಡಿನ ಮೇಲೆ ಮನೆಗೆ ತಂದು, ಕಣ್ಣಿಗೆ ಪೊರೆ ಬಂದಿದ್ದ ಅತ್ತೆಗೆ ದಿನಾ ಸಂಜೆ ಓದಿ ಹೇಳುತ್ತಿದ್ದಳು. ಮುದಿ ಕಾರ್ಖಾನೆ ಮಾಲೀಕನೊಬ್ಬ ಎರಡು ಮಹಡಿಗಳ ನಡುವೆ ನಿಂತುಹೋದ ಲಿಫ್ಟಿನಲ್ಲಿ ಒಬ್ಬನೇ ಸತ್ತಿದ್ದಾನೆ. ಡಾಕ್ಟರ್, ಸೆಕ್ರೆಟರಿ, ಪಾಲುದಾರ, ಮೆಕ್ಯಾನಿಕ್, ತಂಗಿಯ ಮಗ, ಐದು ಜನರ ಮೇಲೆ ಅನುಮಾನ. ಇನ್ನೂರ ಎಂಟನೇ ಪುಟದಲ್ಲಿ ಪತ್ತೇದಾರ ಎದ್ದು ನಿಂತು, ಕೊಲೆಗಾರ ಇದೇ ಕೋಣೆಯಲ್ಲಿದ್ದಾನೆ ಎಂದು ಬೆರಳು ತೋರಿಸಿದ. ಅಲ್ಲಿಗೆ ಪುಸ್ತಕ ಮುಗಿಯಿತು.

“ಯಾರ ಕಡೆಗೆ ತೋರಿಸಿದ?” ಅತ್ತೆ ಕೇಳಿದರು.

“ರಟ್ಟಿನ ಕಡೆಗೆ ಅತ್ತೆ. ಮುಂದೆ ಹಾಳೆ ಇಲ್ಲ.”

“ಹಾಳೆ ಇಲ್ಲ ಅಂದ್ರೆ? ಹದಿನೈದು ದಿನದಿಂದ ನನ್ನ ಪ್ರಾಣ ತಿಂದು ಈಗ ಹಾಳೆ ಇಲ್ಲ ಅಂತೀಯಲ್ಲ, ಏ ಹುಡುಗಿ!” ಸೊಸೆಗೆ ಐವತ್ತು ದಾಟಿದ್ದರೂ ಅತ್ತೆಗೆ ಅವಳು ಹುಡುಗಿಯೇ. “ಕೊಲೆಗಾರನ್ನ ಹಿಡಿಯೋವರೆಗೂ ನನಗೆ ಊಟ ಬೇಡ.”

ಗೋಂದಕ್ಕ ಸುಮ್ಮನೆ ಕೂರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು, ಯಾಕೆಂದರೆ ಮುಂದೆ ಅವಳ ಮೇಲೆ ಬಂದ ಆಪಾದನೆಗಳಲ್ಲಿ ಇದನ್ನು ಯಾರೂ ಬರೆಯಲಿಲ್ಲ. ಬೇರೆ ಶಾಖೆಗಳಲ್ಲಿ ಇನ್ನೊಂದು ಪ್ರತಿ ಹುಡುಕಿದಳು, ಎಲ್ಲವೂ ಎಂದೋ ಹರಿದು ರದ್ದಿಗೆ ಹೋಗಿದ್ದವು. ಪ್ರಕಾಶಕರಿಗೆ ಕಾರ್ಡು ಬರೆದಳು. ಪ್ರತಿಗಳು ಮುಗಿದಿವೆ ಎಂದು ಉತ್ತರ ಬಂತು. ಹಿಂದೆ ಪುಸ್ತಕ ಒಯ್ದವರನ್ನು ವಿಚಾರಿಸಿದಳು. ರಿಟೈರಾದ ಪೋಸ್ಟ್‌ಮ್ಯಾನ್ ಕೊಲೆಗಾರ ಡಾಕ್ಟರೇ ಎಂದು ಆಣೆ ಇಟ್ಟ. ದರ್ಜಿ ಸೆಕ್ರೆಟರಿ ಎಂದ. ಶಾಲೆಯ ಟೀಚರೊಬ್ಬರು ಮಾತ್ರ ನಿಜ ಹೇಳಿದರು: “ನಾನೂ ರಟ್ಟಿನವರೆಗೇ ಓದಿದ್ದು ಕಣ್ರೀ.”

ಇತ್ತ ಅತ್ತೆ ಎರಡು ಹೊತ್ತು ಉಪವಾಸ ಇದ್ದು, ಮೂರನೇ ಹೊತ್ತಿಗೆ ತಾವೇ ಕೊಲೆಗಾರನನ್ನು ಹಿಡಿದಿದ್ದರು.

“ಡಾಕ್ಟರಿಗೆ ರೋಗಿಗಳು, ಸೆಕ್ರೆಟರಿಗೆ ಫೈಲು, ಮೆಕ್ಯಾನಿಕ್ಕಿಗೆ ರಿಪೇರಿ. ಕೊಲೆ ಮಾಡೋಕೆ ಪುರುಸೊತ್ತು ಬೇಕಲ್ವೇ? ಆ ತಂಗಿ ಮಗ ಒಬ್ಬನೇ ಬೆಳಗಿಂದ ಸಂಜೆವರೆಗೆ ಸೋಫಾದ ಮೇಲೆ ಬಿದ್ಕೊಂಡಿರೋದು. ಅವನೇ. ಬರ್ಕೊ!”

ಗೋಂದಕ್ಕ ಬರೆದುಕೊಂಡಳು. ಕೊಲೆಗಾರ ಅತ್ತೆಯವನಾದರೂ ಉಪಾಯ ಸೊಸೆಯದು. ತಂಗಿಯ ಮಗ ಲಿಫ್ಟಿನ ಗುಂಡಿಯನ್ನು ಅಂಟು ಹಾಕಿ ಒತ್ತಿ ಕೂರಿಸಿದ್ದ, ಒಳಗೆ ಗಾಳಿ ಬರುವ ಕಿಂಡಿಯನ್ನೂ ಅಂಟಿಸಿದ್ದ. ಯಾವ ಅಂಟು, ಎಷ್ಟು ಹೊತ್ತಿಗೆ ಒಣಗುತ್ತದೆ, ಬೆರಳಿನಿಂದ ಅದು ಯಾಕೆ ಹೋಗುವುದಿಲ್ಲ ಎಂಬುದೆಲ್ಲ ಅವಳು ಬರೆದ ಎಂಟು ಪುಟಗಳಲ್ಲಿ ಯಾವ ಪತ್ತೇದಾರಿ ಲೇಖಕನಿಗೂ ಸಾಧ್ಯವಾಗದಷ್ಟು ವಿವರವಾಗಿ ಬಂತು. ಹಳೆಯ ರಿಜಿಸ್ಟರಿನ ಖಾಲಿ ಹಾಳೆ ಕತ್ತರಿಸಿ, ಕಪ್ಪು ಶಾಯಿಯಲ್ಲಿ ದುಂಡಗೆ ಬರೆದು, ಮೇಲ್ಗಡೆ ‘ಇಲ್ಲಿಂದ ಮುಂದಿನ ಪುಟಗಳು ಕಳೆದಿದ್ದರಿಂದ ಹೊಸದಾಗಿ ಬರೆದು ಸೇರಿಸಿದೆ’ ಎಂದು ನಮೂದಿಸಿ, ಪುಸ್ತಕಕ್ಕೆ ಹೊಲಿದುಬಿಟ್ಟಳು. ಕಾಲು ಮುರಿದ ಕುರ್ಚಿಗೆ ಹೊಸ ಕಾಲು ಹಾಕುವುದಿಲ್ಲವೇ, ಹಾಗೆ. ಅದರಲ್ಲಿ ತಪ್ಪೇನೆಂದು ಅವಳಿಗೆ ಹೊಳೆಯಲೇ ಇಲ್ಲ.

ಆರು ವರ್ಷದಲ್ಲಿ ಇಂಥವು ಹನ್ನೊಂದಾದವು. ಎಲ್ಲವೂ ಒಬ್ಬರೇ ಕಾದಂಬರಿಕಾರರವು, ಒಬ್ಬರೇ ಪ್ರಕಾಶಕರವು. ಹನ್ನೊಂದರಲ್ಲೂ ಕೊಲೆ ಮಾಡಿದವನು ಕೆಲಸವಿಲ್ಲದ ನೆಂಟ, ಹನ್ನೊಂದರಲ್ಲೂ ಎಲ್ಲೋ ಒಂದು ಕಡೆ ಅಂಟು. ಓದುಗರಿಗೆ ಇದು ಗೊತ್ತಾಗಿ, ಬೇಸರವಾಗುವ ಬದಲು ಚಟವೇ ಹತ್ತಿತು. ಕೌಂಟರಿನಲ್ಲಿ ಬಂದು “ಗೋಂದಕ್ಕನ ಕೊನೆ ಇರೋದು ಕೊಡಿ” ಎಂದು ಕೇಳತೊಡಗಿದರು. ಅಚ್ಚಾದ ಕೊನೆಯೇ ಉಳಿದಿದ್ದ ಬೇರೆ ಕಾದಂಬರಿಗಳು ಧೂಳು ತಿನ್ನುತ್ತಿದ್ದವು.

ಅಷ್ಟರಲ್ಲಿ ಬಂದರು ಲೆಕ್ಕದ ಸಾಹೇಬರು.

ಹಕ್ಕುಸ್ವಾಮ್ಯದ ಮೇಲೆ ನಿಂತಿರುವ ಉದ್ಯಮಗಳಿಂದ ದೇಶದ ಆದಾಯಕ್ಕೆ ಎಷ್ಟು ಸೇರುತ್ತದೆ ಎಂದು ಎಣಿಸಲು ಸರ್ಕಾರ ಒಂದು ಅಧ್ಯಯನ ಮಾಡಿಸುತ್ತಿತ್ತು. ಜೊತೆಗೆ, ಗ್ರಂಥಾಲಯದಂಥ ಕಡೆ ಸುರಿಯುವ ಸಾರ್ವಜನಿಕ ಹಣದಿಂದ ಏನು ಹುಟ್ಟುತ್ತಿದೆ ಎಂದೂ ನೋಡಬೇಕಿತ್ತು. ಸಾಹೇಬರು ಸಣಕಲು ಮನುಷ್ಯ, ಮಾತೂ ಸಣಕಲು. ಕೋಣೆಯ ಬಾಗಿಲಲ್ಲಿ ನಿಂತು ಮೊದಲು ಅವರು ನೋಡಿದ್ದು ಗೋಂದಕ್ಕನನ್ನಲ್ಲ, ಅವಳು ಕೂತಿದ್ದ ಸ್ಟೂಲನ್ನು.

“ಇದು ಲೆಕ್ಕಕ್ಕೆ ಬರುತ್ತೆ,” ಎಂದರು.

“ಸ್ಟೂಲಾ ಸಾರ್?”

“ಪೀಠೋಪಕರಣ. ವಿನ್ಯಾಸ ಯಾರೋ ಒಬ್ಬರದು ಇರುತ್ತಲ್ಲ. ನೂರಕ್ಕೆ ಇಷ್ಟು ಭಾಗ ಅಂತ ಹಕ್ಕುಸ್ವಾಮ್ಯದ ಉದ್ಯಮಕ್ಕೆ ಸೇರುತ್ತೆ. ಪೇಪರ್ ಗಿರಣಿ, ಟಿ.ವಿ. ಅಂಗಡಿ, ಆಟದ ಸಾಮಾನು, ಎಲ್ಲಾ ಸೇರುತ್ತೆ.”

“ಮತ್ತೆ ನಾನು?”

ಸಾಹೇಬರು ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದರು. “ವರ್ಷಕ್ಕೆ ಎಷ್ಟು ಪುಸ್ತಕ ರಿಪೇರಿ ಮಾಡ್ತೀರಿ?”

“ಸಾವಿರದ ಐನೂರು ಆಗುತ್ತೆ ಸಾರ್.”

“ಇಪ್ಪತ್ತೆಂಟು ವರ್ಷಕ್ಕೆ ನಲವತ್ತೆರಡು ಸಾವಿರ.”

“ಅಷ್ಟೊಂದಾ!” ಗೋಂದಕ್ಕನಿಗೆ ಸಂತೋಷ ತಡೆಯಲಾಗಲಿಲ್ಲ. ಕೈ ಒರೆಸಿಕೊಂಡು ಸಾಹೇಬರಿಗೆ ಟೀ ತರಿಸಲು ಎದ್ದಳು.

“ಕೂತ್ಕೊಳಿ ಅಮ್ಮ. ಅದು ನಷ್ಟ. ರಿಪೇರಿಯಾದ ಒಂದು ಪುಸ್ತಕ ಅಂದ್ರೆ ಮಾರಾಟವಾಗದೆ ಉಳಿದ ಒಂದು ಪುಸ್ತಕ. ಅಂದ್ರೆ ನೀವು ಒಬ್ಬರೇ ಉದ್ಯಮಕ್ಕೆ ನಲವತ್ತೆರಡು ಸಾವಿರ ಪ್ರತಿ ನಷ್ಟ ಮಾಡಿದ್ದೀರಿ.”

ಟೀ ತರಿಸುವ ಕಾರ್ಯಕ್ರಮ ಅಲ್ಲಿಗೆ ರದ್ದಾಯಿತು.

ಹಣೆಬರಹ ನೋಡಿ, ಹೊರಡುವ ಮುಂಚೆ ಸಾಹೇಬರು ಮಾದರಿಗೆಂದು ಕಪಾಟಿನಿಂದ ಎಳೆದ ಪುಸ್ತಕ ‘ನಿಂತ ಲಿಫ್ಟು’. ಕೊನೆಯ ಎಂಟು ಪುಟ ಕೈಬರಹ. ವಿಷಯ ಪ್ರಕಾಶಕರಿಗೆ ಮುಟ್ಟಲು ಎರಡು ದಿನ ಸಾಕಾಯಿತು. ವಾರ ಕಳೆಯುವುದರೊಳಗೆ ಅವರ ವಕೀಲರ ಪತ್ರ ಬಂತು. ಹನ್ನೊಂದೂ ಪುಸ್ತಕಗಳಿಂದ ಆ ಹಾಳೆಗಳನ್ನು ಕತ್ತರಿಸಿ ತೆಗೆಯಬೇಕು, ಕೃತಿ ಕೆಡಿಸಿದವಳ ಮೇಲೆ ಕ್ರಮ ಆಗಬೇಕು. ಅದರ ಬೆನ್ನಿಗೇ ಇಲಾಖೆಯ ಪತ್ರ: ತಿಂಗಳ ಕೊನೆಗೆ ಬೈಂಡಿಂಗ್ ಕೋಣೆ ಮುಚ್ಚುವ ಬಗ್ಗೆ ಸಾಹೇಬರು ವಿಚಾರಣೆ ನಡೆಸಿ ತೀರ್ಮಾನಿಸುತ್ತಾರೆ, ಮುಚ್ಚಿದರೆ ಸದರಿ ನೌಕರರನ್ನು ನೀರಿನ ತೆರಿಗೆ ಕಚೇರಿಗೆ ರಸೀದಿ ಜೋಡಿಸಲು ಕಳಿಸತಕ್ಕದ್ದು.

ಗೋಂದಕ್ಕ ಆ ಪತ್ರವನ್ನು ಎರಡೆರಡು ಸಲ ಓದಿದಳು. ಸಂಬಳ ಹೋಗುತ್ತಿರಲಿಲ್ಲ, ಪಿಂಚಣಿಯೂ ಹೋಗುತ್ತಿರಲಿಲ್ಲ. ನಿವೃತ್ತಿಗೆ ಇನ್ನು ಎರಡೇ ವರ್ಷ. ಆದರೆ ಆ ಕೋಣೆ ಅವಳ ಗಂಡ ಬಿಟ್ಟುಹೋದ ದಬ್ಬಳ, ದಾರ, ತಿರುಪಿನ ಪ್ರೆಸ್ಸು ಇದ್ದ ಕೋಣೆ. ಅವಳು ಬೆಳಗ್ಗೆ ಬೀಗ ತೆಗೆಯುವಾಗ ಯಾರೋ ತನ್ನನ್ನು ಕಾಯುತ್ತಿದ್ದಾರೆ ಅನ್ನಿಸುತ್ತಿದ್ದುದು ಅಲ್ಲಿ ಮಾತ್ರ. ಕಾಯುತ್ತಿದ್ದವು ಹರಿದ ಪುಸ್ತಕಗಳು, ಅಷ್ಟೇ. ಆದರೂ ಅವಳಿಗೆ ಅದು ಸಾಕಿತ್ತು. ಅದನ್ನು ಬಿಟ್ಟು ರಸೀದಿ ಜೋಡಿಸುವುದನ್ನು ನೆನೆದೇ ಅವಳಿಗೆ ಅನ್ನ ಇಳಿಯಲಿಲ್ಲ.

“ಆ ಪ್ರಕಾಶಕ ಏನು ಕೆಲಸ ಮಾಡ್ತಾನೆ?” ಅತ್ತೆ ಕೇಳಿದರು.

“ಬೇರೆಯವರು ಬರೆದಿದ್ದನ್ನ ಬೇರೆಯವರ ಹತ್ರ ಅಚ್ಚು ಹಾಕಿಸಿ ಬೇರೆಯವರಿಗೆ ಮಾರ್ತಾರೆ.”

“ಹಾಗಾದ್ರೆ ಪುರುಸೊತ್ತಿದೆ,” ಎಂದರು ಅತ್ತೆ, ಅರ್ಥಗರ್ಭಿತವಾಗಿ.

ವಿಚಾರಣೆ ನಡೆದದ್ದು ಗ್ರಂಥಾಲಯದ ಮುಖ್ಯಸ್ಥೆ ಮೇಡಂ ಅವರ ಕೋಣೆಯಲ್ಲಿ. ಸಾಹೇಬರು ಮೇಜಿನ ಆ ಕಡೆ. ಈ ಕಡೆ ಪ್ರಕಾಶಕರು, ಬಿಳಿ ಬಟ್ಟೆ, ಬೆಣ್ಣೆಯಂಥ ಮಾತು. ಮೂಲೆಯ ಕುರ್ಚಿಯಲ್ಲಿ ಎಪ್ಪತ್ತೈದರ ಆಸುಪಾಸಿನ ಒಬ್ಬ ಮುದುಕರು. ಅವರೇ ಕಾದಂಬರಿಕಾರರು ಎಂದು ಮೇಡಂ ಹೇಳಿದಾಗ ಗೋಂದಕ್ಕನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅವರು ಸತ್ತೇ ಹೋಗಿದ್ದಾರೆಂದು ಅವಳು ಅಂದುಕೊಂಡಿದ್ದಳು. ಬದುಕಿದ್ದವರ ಪುಸ್ತಕಕ್ಕೆ ಕೈ ಹಾಕುವಷ್ಟು ಧೈರ್ಯ ಅವಳಿಗಿರಲಿಲ್ಲ.

“ನಮಗೆ ಯಾರ ಮೇಲೂ ದ್ವೇಷ ಇಲ್ಲ,” ಎಂದು ಶುರು ಮಾಡಿದರು ಪ್ರಕಾಶಕರು. “ಆದ್ರೆ ಇದು ಸಂಸ್ಥೆಯ ಸ್ವತ್ತು. ಒಂದಕ್ಷರ ಬದಲಾಯಿಸೋ ಹಕ್ಕೂ ಯಾರಿಗೂ ಇಲ್ಲ.”

ಸಾಹೇಬರು ಮುದುಕರ ಕಡೆ ತಿರುಗಿದರು. “ಹಕ್ಕು ನಿಮ್ಮದಲ್ವಾ?”

“ನನ್ನದು ಕೈನೋವು ಮಾತ್ರ ಸಾರ್. ಹಕ್ಕೆಲ್ಲ ಅವರಿಗೆ ಬರೆದುಕೊಟ್ಟಾಯ್ತು. ಒಂದು ಕಾದಂಬರಿಗೆ ಒಂದು ತಿಂಗಳ ಮನೆ ಬಾಡಿಗೆ. ನಲವತ್ತೆಂಟು ಬರೆದೆ. ನಾಲ್ಕು ವರ್ಷ ಮನೆ ಮಾಲೀಕರ ಹತ್ರ ಬೈಸಿಕೊಳ್ಳಲಿಲ್ಲ.”

“ಒಪ್ಪಂದ ಅಂದ್ರೆ ಒಪ್ಪಂದ,” ಪ್ರಕಾಶಕರು ನಕ್ಕರು. ಅವರು ಹೇಳದ ಒಂದು ಮಾತನ್ನು ಮೇಡಂ ಹೇಳಿದರು. ಆ ನಲವತ್ತೆಂಟರಲ್ಲಿ ಒಂದೊಂದನ್ನೂ ಇಲಾಖೆ ಜನರ ದುಡ್ಡಿನಲ್ಲಿ ಮುನ್ನೂರು ಪ್ರತಿ ಕೊಂಡಿತ್ತು. ಆ ಖರೀದಿಯೊಂದರಿಂದಲೇ ಅಚ್ಚಿನ ಖರ್ಚು ಕೈಸೇರಿ, ಉಳಿದದ್ದೆಲ್ಲ ಲಾಭವಾಗಿತ್ತು.

ಸಾಹೇಬರಿಗೆ ಅದೆಲ್ಲ ಬೇಡವಾಗಿತ್ತು. “ಕೃತಿ ಕೆಟ್ಟಿದೆ ಅಂತೀರಿ. ಹೋಲಿಸಿ ನೋಡೋಣ. ಮೂಲ ಪ್ರತಿ ಕೊಡಿ.”

ಪ್ರಕಾಶಕರು ಕೆಮ್ಮಿದರು. “ಗೋಡೌನ್ ಖಾಲಿ ಮಾಡಿದಾಗ ಹಳೇದೆಲ್ಲ ರದ್ದಿಗೆ ಹೋಯ್ತು. ಈಗ ನಾವು ಪರೀಕ್ಷೆ ಗೈಡುಗಳನ್ನ ಮಾತ್ರ ಇಟ್ಟಿದ್ದೀವಿ.”

“ನಿಮ್ಮ ಹತ್ರ ಇದ್ಯಾ?” ಇದು ಕಾದಂಬರಿಕಾರರಿಗೆ.

“ಐದೈದು ಪ್ರತಿ ಕೊಟ್ಟಿದ್ರು. ನೆಂಟರು ಓದೋಕೆ ಒಯ್ದರು. ನೆಂಟರು ಒಯ್ದ ಪುಸ್ತಕ ವಾಪಸ್ ಬಂದದ್ದನ್ನ ನಾನು ಕಾದಂಬರೀಲೂ ಬರೆಯೋ ಧೈರ್ಯ ಮಾಡಿಲ್ಲ.”

“ಹೋಗಲಿ, ಕೊಲೆ ಮಾಡಿದ್ದು ಯಾರು ಅಂತ ಬಾಯಲ್ಲೇ ಹೇಳಿ.”

ಮುದುಕರು ಕಣ್ಣು ಮುಚ್ಚಿದರು. ಬೆರಳು ಮಡಚಿ ಎಣಿಸಿದರು. “ಡಾಕ್ಟರ್ ಇರಬೇಕು,” ಎಂದರು. ಮತ್ತೆ ತಲೆ ಆಡಿಸಿದರು. “ಇಲ್ಲ, ಡಾಕ್ಟರು ಇನ್ನೊಂದರಲ್ಲಿ. ತಿಂಗಳಿಗೆ ಒಂದು ಕೊಲೆ ಮಾಡ್ತಿದ್ದೆ ಸಾರ್, ಎಲ್ಲಿ ನೆನಪಿರುತ್ತೆ?”

ಸಾಹೇಬರು ಪೆನ್ನು ಕೆಳಗಿಟ್ಟರು. “ಅಂದ್ರೆ ಹಕ್ಕಿರೋರ ಹತ್ರ ಪುಸ್ತಕ ಇಲ್ಲ. ಬರೆದೋರ ಹತ್ರ ಹಕ್ಕೂ ಇಲ್ಲ, ಪುಸ್ತಕಾನೂ ಇಲ್ಲ, ನೆನಪೂ ಇಲ್ಲ. ಅಂಗಡೀಲಿ ಸಿಗದೇ ಇರೋ ಪುಸ್ತಕ ಮಾರಾಟವಾಗಲಿಲ್ಲ ಅಂತ ನಾನು ನಷ್ಟ ಬರೆಯೋದು ಹೇಗೆ?” ಅವರು ನಲವತ್ತೆರಡು ಸಾವಿರದ ಮುಂದೆ ಒಂದು ಪ್ರಶ್ನೆಚಿಹ್ನೆ ಹಾಕಿದ್ದನ್ನು ಗೋಂದಕ್ಕ ಕಣ್ಣಾರೆ ಕಂಡಳು.

ಆ ಹೊತ್ತಿನಲ್ಲಿ ಅವಳು ಬಾಯಿ ಮುಚ್ಚಿಕೊಂಡಿದ್ದರೆ ಬಚಾವಾಗುತ್ತಿದ್ದಳು. ಮೇಡಂ ಕಣ್ಣಲ್ಲೇ ಸುಮ್ಮನಿರು ಎಂದರು. ಆದರೆ ಮುದುಕರ ಮುಖ ನೋಡಿ ಅವಳಿಗೆ ಸುಮ್ಮನಿರಲು ಆಗಲಿಲ್ಲ.

“ತಪ್ಪಾಯ್ತು ಸಾರ್,” ಎಂದಳು ಅವರಿಗೆ. “ಕೊನೆ ಎಂಟು ಪುಟ ನಾನೇ ಬರೆದಿದ್ದು. ಕೊಲೆಗಾರ ನಮ್ಮ ಅತ್ತೆಯೋರು ಹೇಳಿದ್ದು. ನೀವು ಕತ್ತರಿಸು ಅಂದ್ರೆ ನಾನೇ ಕತ್ತರಿಸ್ತೀನಿ. ಬೇರೆಯೋರ ಕೈಗೆ ಕೊಟ್ರೆ ಹೊಲಿಗೇನೂ ಹರಿದು ಹಾಕ್ತಾರೆ.”

“ಮೊದಲು ಓದು ತಂಗಿ,” ಎಂದರು ಕಾದಂಬರಿಕಾರರು.

ಗೋಂದಕ್ಕ ನಿಂತುಕೊಂಡೇ ಓದಿದಳು. ಮೊದಲ ಪುಟದಲ್ಲಿ ದನಿ ನಡುಗುತ್ತಿತ್ತು, ಅಂಟಿನ ಭಾಗ ಬಂದಾಗ ಗಟ್ಟಿಯಾಯಿತು. ಟೀ ತಂದ ಜವಾನ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತ. ತಂಗಿಯ ಮಗನ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು, ಪೊಲೀಸರು ಬೇಡಿ ಹಾಕುವುದೇ ಬೇಡವಾದ ಜಾಗಕ್ಕೆ ಬರುವಾಗ ಕಾದಂಬರಿಕಾರರ ಹೊಟ್ಟೆ ನಗುವಿಗೆ ಕುಲುಕತೊಡಗಿತು. ಕೊನೆಗೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

“ನನಗೆ ಅಂಟು ಹೊಳೆದೇ ಇರಲಿಲ್ಲ,” ಎಂದರು. “ನಂದು ಬೇರೆ ಯಾವುದಾದ್ರೂ ಉಳಿದಿದ್ಯಾ ಇಲ್ಲಿ?”

“ಮೂವತ್ತಾರು ಇದೆ ಸಾರ್. ಎಲ್ಲಾ ಗಟ್ಟಿಯಾಗಿದೆ.”

“ಮೂವತ್ತಾರಾ?” ಅವರು ಮತ್ತೆ ಕೇಳಿದರು. “ಒಂದೂ ಇಲ್ಲ ಅಂದ್ಕೊಂಡಿದ್ದೆ.”

ಅಷ್ಟರಲ್ಲಿ ಪ್ರಕಾಶಕರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ವ್ಯಾಪಾರಿಯ ಮೂಗು ಸುಮ್ಮನಿರುತ್ತದೆಯೇ? ಓದುಗರು ಸರದಿ ನಿಂತು ಒಯ್ಯುತ್ತಾರೆ ಎಂಬ ಸುದ್ದಿ ಅವರಿಗೂ ಮುಟ್ಟಿತ್ತು. ವಕೀಲರ ಪತ್ರವನ್ನು ಮಡಚಿ ಜೇಬಿಗಿಟ್ಟು, ಹನ್ನೊಂದನ್ನೂ ಈ ಕೊನೆಗಳ ಸಮೇತ ಮತ್ತೆ ಅಚ್ಚು ಹಾಕೋಣ, ಅಮ್ಮನವರು ಇಲ್ಲೊಂದು ರುಜು ಹಾಕಿದರೆ ಸಾಕು, ಒಂದು ತಿಂಗಳ ಬಾಡಿಗೆ ತಾವು ಕೊಡುವುದಾಗಿ ಹೇಳಿದರು.

“ಅವರ ರುಜು ನಡೆಯೋಲ್ಲ,” ಎಂದರು ಸಾಹೇಬರು. ಮೊದಲ ಬಾರಿಗೆ ಅವರ ಮುಖದಲ್ಲಿ ಉತ್ಸಾಹ ಕಂಡಿತು. “ಬರೆದದ್ದು ಕೆಲಸದ ಹೊತ್ತಿನಲ್ಲಾ?”

“ಹೌದು ಸಾರ್. ಅಂಟು ಒಣಗೋವರೆಗೆ.”

“ಕಾಗದ? ಶಾಯಿ?”

“ಗ್ರಂಥಾಲಯದ್ದು.”

“ಹಾಗಾದ್ರೆ ಆ ಎಂಟು ಪುಟ ಸಾರ್ವಜನಿಕರದು. ಮೊದಲ ಇನ್ನೂರ ಎಂಟು ಪುಟ ಸಂಸ್ಥೆಯದು. ಇವರು ಇಲ್ಲದೆ ಅವರು ಅಚ್ಚು ಹಾಕೋ ಹಾಗಿಲ್ಲ, ಅವರು ಇಲ್ಲದೆ ಇವರೂ ಹಾಕೋ ಹಾಗಿಲ್ಲ. ಯಾರದು ಎಷ್ಟು ಅಂತ ಮೇಲಿನವರು ತೀರ್ಮಾನ ಮಾಡಬೇಕು. ಅಲ್ಲಿವರೆಗೆ ಈ ಹನ್ನೊಂದು ಪ್ರತಿ ಏಕೈಕ ದಾಖಲೆ. ಹಾಳಾಗೋ ಹಾಗಿಲ್ಲ.”

“ಓದುಗರು ಒಯ್ದರೆ ಹರಿದೇ ಹರಿಯುತ್ತಲ್ಲ ಸಾರ್,” ಮೇಡಂ ಮೆತ್ತಗೆ ಹೇಳಿದರು.

“ಅದಕ್ಕೇ,” ಎಂದು ಸಾಹೇಬರು ಬರೆಯತೊಡಗಿದರು. ತೀರ್ಮಾನ ಬರುವವರೆಗೆ ಸದರಿ ಪ್ರತಿಗಳನ್ನು ಸುಸ್ಥಿತಿಯಲ್ಲಿ ಕಾಪಾಡುವ ಸಲುವಾಗಿ ಬೈಂಡಿಂಗ್ ಕೋಣೆಯನ್ನೂ ಬೈಂಡರ್ ಹುದ್ದೆಯನ್ನೂ ಮುಂದುವರಿಸತಕ್ಕದ್ದು. ಮೇಲಿನವರ ತೀರ್ಮಾನ ಎಷ್ಟು ವರ್ಷಕ್ಕೆ ಬರುತ್ತದೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ, ಟೀ ತಟ್ಟೆಯ ಜವಾನನಿಗೂ, ಚೆನ್ನಾಗಿ ಗೊತ್ತಿತ್ತು. ಗೋಂದಕ್ಕ ಕೈ ಮುಗಿದಳು. ಯಾರಿಗೆ ಮುಗಿದಳೋ ಅವಳಿಗೇ ತಿಳಿಯಲಿಲ್ಲ.

ಎಲ್ಲರೂ ಹೋದ ಮೇಲೂ ಕಾದಂಬರಿಕಾರರು ಕೌಂಟರಿನ ಹತ್ತಿರ ಸುಳಿದಾಡುತ್ತಿದ್ದರು. ಪುಸ್ತಕ ಮನೆಗೆ ಒಯ್ಯಬೇಕಾದರೆ ಸದಸ್ಯರಾಗಬೇಕು, ಸದಸ್ಯರಾಗಲು ನೌಕರಿಯಲ್ಲಿರುವ ಒಬ್ಬರ ಜಾಮೀನು ಬೇಕು ಎಂದು ಕೌಂಟರಿನ ಗುಮಾಸ್ತ ಹೇಳುತ್ತಿದ್ದ. ಅವರಿಗೆ ಅಂಥವರು ಯಾರೂ ಇರಲಿಲ್ಲ. ಗೋಂದಕ್ಕ ಹೋಗಿ ಫಾರಂ ಎಳೆದುಕೊಂಡು, ಸಂಬಳದ ಪಟ್ಟಿಯಲ್ಲಿರುವ ತನ್ನ ಹೆಸರು ಬರೆದು ರುಜು ಹಾಕಿದಳು. ಆಮೇಲೆ ‘ನಿಂತ ಲಿಫ್ಟು’ ತಂದು ಅವರ ಕೈಗಿಟ್ಟಳು.

“ಹದಿನಾಲ್ಕು ದಿನದಲ್ಲಿ ವಾಪಸ್ ಕೊಡ್ಬೇಕು ಸಾರ್. ತಡವಾದ್ರೆ ನನ್ನ ಸಂಬಳದಲ್ಲಿ ಹಿಡೀತಾರೆ.”

ಅವರು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬೆನ್ನಿನ ಹೊಲಿಗೆಯನ್ನು ಬೆರಳಿನಿಂದ ಸವರಿದರು.

“ಅಷ್ಟು ದಿನ ಬೇಡ ತಂಗಿ, ನಾಳೆಗೆ ಮುಗಿಸ್ತೀನಿ,” ಎಂದರು. “ಬರೀಬೇಕಾದ್ರೆ ಒಂದೊಂದೇ ಹಾಳೆ ಪ್ರೆಸ್ಸಿನವರು ಕಿತ್ಕೊಂಡು ಹೋಗ್ತಿದ್ರು. ಇದನ್ನ ನಾನು ಓದ್ತಿರೋದು ಇದೇ ಮೊದಲು.”